ಕೋಟಿನ ಬಣ್ಣ

ಅಣ್ಣನ ಫೋನು ಬಂದಾಗ ಮಧ್ಯಾಹ್ನ ಮೂರೂವರೆ. ಪುಟ್ಟಿ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತು ಯಾರದೋ ಮಧುಚಂದ್ರದ ಫೋಟೋಗಳಿಗೆ ವಯಸ್ಸಾಗುವಂತೆ ಮಾಡುತ್ತಿದ್ದಳು.

ಪುಟ್ಟಿ ಅಂದ ಕೂಡಲೇ ಎರಡು ಜಡೆಯ ಹುಡುಗಿ ಅಂದುಕೊಳ್ಳಬೇಡಿ. ಮೂವತ್ತಾರು ತುಂಬಿದ ಹೆಂಗಸು, ಕನ್ನಡಕ ಹಾಕುತ್ತಾಳೆ, ಬೆಳಗ್ಗೆ ಎದ್ದರೆ ಸೊಂಟ ಹಿಡಿದುಕೊಳ್ಳುತ್ತೆ. ಅಮ್ಮ ಇಟ್ಟ ಮುದ್ದಿನ ಹೆಸರು ಬಿಟ್ಟು ಹೋಗಲಿಲ್ಲ, ಅಷ್ಟೇ. ಅವಳ ಕೆಲಸವೂ ಒಂಥರಾ ತಮಾಷೆಯದ್ದು. ಜನ ಊರೂರು ಸುತ್ತಿ ಬರುತ್ತಾರೆ, ಲಕ್ಷ ಬಣ್ಣ ಹಿಡಿಯುವ ಫೋನಿನಲ್ಲಿ ಫೋಟೋ ತೆಗೆಯುತ್ತಾರೆ, ಆಮೇಲೆ ಸ್ಟುಡಿಯೋಗೆ ಬಂದು "ಇದನ್ನ ಹಳೇ ಕಾಲದ ಥರ ಮಾಡ್ಕೊಡಿ" ಅಂತಾರೆ. ಇದ್ದ ಬಣ್ಣವನ್ನೆಲ್ಲ ಹಿಂಡಿ ತೆಗೆದು, ಮೇಲೊಂದು ಕಂದು ಛಾಯೆ ಹಚ್ಚಿ, ಮೂಲೆಗಳನ್ನು ಸ್ವಲ್ಪ ಮಾಸಿಸಿ ಕೊಟ್ಟರೆ ಮುಖ ಅರಳುತ್ತೆ. ಸೆಪಿಯಾ ಅಂತಾರೆ ಇದಕ್ಕೆ. ದಿನಕ್ಕೆ ಇನ್ನೂರು ಮುನ್ನೂರು ಫೋಟೋ. ಒಂದೊಂದನ್ನೇ ತಿದ್ದುತ್ತಾ ಕೂತರೆ ಮುಗಿದ ಹಾಗೆಯೇ. ಅದಕ್ಕೆ ಪುಟ್ಟಿ ಎಲ್ಲ ಹಂತಗಳನ್ನೂ ಸೇರಿಸಿ ಒಂದೇ ಕೀಲಿಗೆ ಕಟ್ಟಿಟ್ಟಿದ್ದಳು. ಆ ಕೀಲಿಗೆ ಸ್ಟುಡಿಯೋದಲ್ಲಿ 'ಅಜ್ಜಿ' ಅಂತಲೇ ಹೆಸರು. ಫೋಲ್ಡರ್ ತೋರಿಸಿ ಅಜ್ಜಿಯನ್ನು ಒತ್ತಿದರೆ ಸಾಕು, ಒಳಗಿರುವ ಫೋಟೋಗಳೆಲ್ಲ ಒಂದರ ಹಿಂದೊಂದು ಕಂದಾಗಿ, ಮೂಲವನ್ನು ಅಳಿಸಿ ಅದರ ಜಾಗದಲ್ಲೇ ಕೂತುಬಿಡುತ್ತಿದ್ದವು. ಗಿರಾಕಿಗಳ ಬಳಿ ಅವರ ಮೂಲ ಫೋಟೋ ಇದ್ದೇ ಇರುತ್ತಲ್ಲ, ನಾವ್ಯಾಕೆ ಎರಡೆರಡು ಇಟ್ಟುಕೊಳ್ಳಬೇಕು ಅನ್ನುವುದು ಅವಳ ಜಾಣತನ. ಎಂಥ ಜಾಣತನ ಅಂತ ಈಗ ನೋಡಿ.

"ಪುಟ್ಟೀ, ಅಮ್ಮ ಸಿಗ್ತಿಲ್ಲ," ಅಂದ ಅಣ್ಣ.

"ಅಲ್ಲಿ ಸಿಗ್ನಲ್ ಎಲ್ಲಿರುತ್ತೆ? ಸಂಜೆ ಅವಳೇ ಮಾಡ್ತಾಳೆ ಬಿಡು."

"ಫೋನಲ್ಲಿ ಅಲ್ಲ ಕಣೇ. ಅಮ್ಮನೇ ಸಿಗ್ತಿಲ್ಲ. ಬೆಳಗ್ಗೆ ವಾಕಿಂಗ್ ಅಂತ ಹೋದವಳು ವಾಪಸ್ ಬಂದೇ ಇಲ್ಲ. ನಾನು ಇಲ್ಲೇ ಬಂದಿದೀನಿ, ಬೆಟ್ಟದ ಮೇಲೆ. ಹುಡುಕೋರು ಬಂದಿದಾರೆ."

ಪುಟ್ಟಿ ಮೌಸಿನಿಂದ ಕೈ ತೆಗೆದಳು.

ಅಮ್ಮನ ಕಥೆ ಸ್ವಲ್ಪ ಹೇಳಲೇಬೇಕು. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಊರಿಗೆ ಎಲ್ಲಿ ಇಳಿಯಬೇಕು, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ತಾನು ಮಾತ್ರ ಎಲ್ಲಿಗೂ ಹೋದವಳಲ್ಲ. ಗಂಡ ಬೇಗ ಹೋದ, ಎರಡು ಮಕ್ಕಳು, ರಜೆ ಹಾಕಿದರೆ ಸಂಬಳ ಖೋತಾ. ಅರವತ್ತೊಂದಕ್ಕೆ ಮೊದಲ ಸಲ, ಹೆಂಗಸರ ಗುಂಪಿನ ಜೊತೆ ಒಂಬತ್ತು ದಿನದ ಪ್ರವಾಸ ಹೊರಟಾಗ ಮಗಳಿಗೆ ಒಂದೇ ಮಾತು ಹೇಳಿದ್ದಳು. "ದಿನಾ ಫೋಟೋ ಕಳಿಸ್ತೀನಿ, ನಿನ್ನ ಅಜ್ಜಿ ಹತ್ರ ಮಾಡಿಸಿಡು. ನಾನೂ ಪ್ರಾಯದಲ್ಲಿ ಊರು ಸುತ್ತಿದ್ದೆ ಅನ್ನೋ ಹಾಗೆ ಇರ್ಲಿ ಆಲ್ಬಮ್ಮು." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಮ್ಮನ ಫೋನೋ ದೇವರಿಗೇ ಪ್ರೀತಿ, ಹತ್ತು ಫೋಟೋ ತೆಗೆದರೆ ಜಾಗ ಇಲ್ಲ ಅಂತ ರಾಗ ಎಳೆಯುತ್ತೆ. ಅದಕ್ಕೆ ಪುಟ್ಟಿಯೇ ಪಾಠ ಮಾಡಿ ಕಳಿಸಿದ್ದಳು. ನನಗೆ ಕಳಿಸು, ಎರಡು ಗೀಟು ನೀಲಿಯಾದ ಮೇಲೆ ಅಳಿಸು, ಗ್ಯಾಲರಿಯಿಂದಲೂ ಅಳಿಸು. ಅಳಿಸು ಅಂದರೆ ಅಮ್ಮನಿಗೆ ಗೊತ್ತಿದ್ದದ್ದು ಪಟ್ಟಿಯ ಮೇಲಿನ ಸಾಲು ಒಂದೇ, 'ಎಲ್ಲರಿಗೂ ಅಳಿಸಿ' ಅನ್ನುವುದು. ಹಾಗಾಗಿ ಅವಳು ಅಳಿಸಿದರೆ ಮಗಳ ಕಡೆಯಿಂದಲೂ ಮಾಯ. ಬಂದ ಫೋಟೋ ಅಷ್ಟರಲ್ಲಿ ಸ್ಟುಡಿಯೋದ ಕಂಪ್ಯೂಟರಿಗೆ ತಾನಾಗಿಯೇ ಇಳಿದಿರುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅಣ್ಣ ಒಂದೇ ಉಸಿರಿಗೆ ಹೇಳುತ್ತಾ ಹೋದ. ಅಮ್ಮನ ಕೋಣೆಯ ಜೊತೆಗಾತಿ ಒಬ್ಬ ನಿವೃತ್ತ ಟೀಚರಮ್ಮ. ಅವರ ಕಾಲು ಊದಿತ್ತು, ಮಾತ್ರೆ ನುಂಗಿ ಮಲಗಿದ್ದರು. ಅಮ್ಮ ಆರು ಗಂಟೆಗೆ ಒಬ್ಬಳೇ ಎದ್ದು ಹೋದದ್ದು ಅವರಿಗೆ ಗೊತ್ತೇ ಇಲ್ಲ. ಚಳಿ ಜಾಸ್ತಿ ಅಂತ ದಾರಿಯಲ್ಲಿ ತಳ್ಳುಗಾಡಿಯವನ ಹತ್ತಿರ ಒಂದು ಕೋಟು ಕೊಂಡಿದ್ದಾಳೆ. ಏಳರ ಮೇಲೆ ಮಂಜು ಇಳಿದು ದಾರಿ ಮುಚ್ಚಿಹೋಗಿದೆ. ಗುಂಪಿನವರು ಹತ್ತರ ತನಕ ಕಾದು, ಹನ್ನೊಂದರ ತನಕ ಬೈದು, ಹನ್ನೆರಡಕ್ಕೆ ಹೆದರಿ, ಬೆಟ್ಟದ ಬುಡದ ಪೇಟೆಯಲ್ಲಿ ಕೆಲಸದಲ್ಲಿರುವ ಅಣ್ಣನಿಗೆ ಫೋನು ಮಾಡಿದ್ದಾರೆ.

"ಇರು, ಶೋಧ ತಂಡದ ಕ್ಯಾಪ್ಟನ್ ಮಾತಾಡ್ತಾರೆ," ಅಂತ ಅಣ್ಣ ಸ್ಪೀಕರ್ ಹಾಕಿದ.

ಕ್ಯಾಪ್ಟನ್ನಿನ ದನಿ ಸಮಾಧಾನದ್ದು.

"ಮೇಡಂ, ಆರೂವರೆಗೆ ಕತ್ತಲಾಗುತ್ತೆ. ಕತ್ತಲಾದ್ರೆ ಇಲ್ಲಿ ಚಳಿ ಹೇಗಿರುತ್ತೆ ಅಂತ ನಾನು ಹೇಳೋಕೆ ಹೋಗಲ್ಲ. ಒಂದು ಡ್ರೋನ್ ಇದೆ, ಬ್ಯಾಟರಿ ನಾಲ್ಕು. ಮಂಜು ಸರಿದಾಗ ಮಾತ್ರ ಹಾರಿಸಬಹುದು. ಮೇಲಿಂದ ಮನುಷ್ಯ ಕಾಣಲ್ಲ, ಬಟ್ಟೆ ಬಣ್ಣ ಕಾಣುತ್ತೆ. ಅವರ ಕೋಟು ಯಾವ ಬಣ್ಣ?"

"ಅದನ್ನ ಗಾಡಿಯವನನ್ನೇ..."

"ಕೇಳಿದ್ವಿ. ಫೋಟೋ ತೋರಿಸಿದ್ರೆ ಇವರು ಕೊಂಡದ್ದು ನೆನಪಿದೆ ಅಂತಾನೆ, ಬಣ್ಣ ಕೇಳಿದ್ರೆ ಬೆಳಗ್ಗೆಯಿಂದ ಮೂವತ್ತು ಕೋಟು ಮಾರಿದೀನಿ, ಎಲ್ಲಾ ಬಣ್ಣದ್ದೂ ಇತ್ತು, ಯಾರಿಗೆ ಯಾವುದು ಅಂತ ಹೇಗೆ ಹೇಳ್ಲಿ ಅಂತಾನೆ."

ಅಣ್ಣ ಮಧ್ಯೆ ಬಾಯಿ ಹಾಕಿದ. "ಅವಳಿಗೆ ಗೊತ್ತು ಸಾರ್. ಅಮ್ಮ ಒಂದು ಕರ್ಚೀಪು ಕೊಂಡ್ರೂ ಮೊದಲು ಇವಳಿಗೇ ಫೋಟೋ ಕಳಿಸೋದು. ಬಂದಿದೆ ತಾನೇ ಪುಟ್ಟಿ?"

ಬಂದಿತ್ತು. ಪುಟ್ಟಿ ಫೋನಿನಲ್ಲಿ ಅಮ್ಮನ ಸಂದೇಶಗಳನ್ನು ತೆರೆದಳು. ಬೆಳಗ್ಗೆ ಆರು ನಲವತ್ತು. 'ಈ ಸಂದೇಶವನ್ನು ಅಳಿಸಲಾಗಿದೆ' ಅನ್ನುವ ಬೂದು ಸಾಲು. ಅದರ ಕೆಳಗೆ ಅಮ್ಮನ ಪ್ರಶ್ನೆ: "ಹೊಸ ಕೋಟು. ಈ ಬಣ್ಣ ನಂಗೆ ಒಪ್ಪುತ್ತಾ? ನಿಜ ಹೇಳು."

ಅದರ ಕೆಳಗೆ ಅವಳದೇ ಉತ್ತರ: "ಸೂಪರ್ ಅಮ್ಮಾ. ತುಂಬಾ ಒಪ್ಪುತ್ತೆ."

ನೋಡಿಯೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ. ಬಸ್ಸಿಗೆ ಹೊತ್ತಾಗಿತ್ತು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಫೋಟೋ ತೆರೆಯುವ ವ್ಯವಧಾನ ಇಲ್ಲ. ಆದರೆ ಉತ್ತರ ಕೊಡದಿದ್ದರೆ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಹೆಬ್ಬೆರಳಿಗೆ ಬಂದದ್ದನ್ನು ಒತ್ತಿ ಕಳಿಸಿದ್ದಳು. ಸ್ಟುಡಿಯೋಗೆ ಬಂದ ಮೇಲೆ, ಆಗಲೇ ಕಂಪ್ಯೂಟರಿಗೆ ಇಳಿದಿದ್ದದ್ದನ್ನು ಫೋಲ್ಡರಿಗೆ ಹಾಕಿ, ಅಜ್ಜಿಯನ್ನು ಒತ್ತಿ, ಕಾಫಿ ತರಲು ಎದ್ದುಹೋಗಿದ್ದಳು.

ಈಗ ಫೋಲ್ಡರ್ ತೆರೆದಳು. ಅಮ್ಮ ನಿಂತಿದ್ದಳು. ಹಿಂದೆ ಬೆಟ್ಟದ ಸಾಲು, ಕೊರಳಿಗೆ ಮಫ್ಲರು, ಮೈಮೇಲೆ ಮೊಣಕಾಲಿನ ತನಕ ಬರುವ ದೊಗಳೆ ಕೋಟು, ಮುಖದ ತುಂಬ ನಗು. ಎಲ್ಲವೂ ಕಂದು. ಎಪ್ಪತ್ತು ವರ್ಷ ಹಳೆಯ ಫೋಟೋದ ಹಾಗೆ, ಬಹಳ ಚೆನ್ನಾಗಿ ಬಂದಿತ್ತು.

ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಅವಳು ಹುಡುಕದ ಜಾಗವಿಲ್ಲ. ಕಸದ ಬುಟ್ಟಿ, ಡೌನ್‌ಲೋಡ್, ಫೋನಿನ ಗ್ಯಾಲರಿ. ಎಲ್ಲೂ ಇಲ್ಲ. ಎಲ್ಲ ಕಡೆ ತಾಯಿ ಮಗಳು ಸೇರಿ ಅಚ್ಚುಕಟ್ಟಾಗಿ ಅಳಿಸಿದ್ದರು.

"ಮೇಡಂ, ಮಂಜು ಸರೀತಾ ಇದೆ. ಬಣ್ಣ ಹೇಳಿ."

"ಒಂದ್ನಿಮಿಷ ಸಾರ್..."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ."

"ಏನೇ ಹುಡುಕ್ತಿದೀಯ?" ಅಣ್ಣನ ದನಿ ಏರಿತು. "ಅಮ್ಮನ ಫೋಟೋ ನೋಡಿಲ್ವಾ ನೀನು?"

ಗೊತ್ತಿಲ್ಲ ಅನ್ನಬೇಕಿತ್ತು. ಬರೀ ಮೂರಕ್ಷರ. ಆದರೆ ಅಂದರೆ ಅಣ್ಣನಿಗೆ ಎಲ್ಲ ಗೊತ್ತಾಗುತ್ತೆ, ನಾಳೆ ಅಮ್ಮನಿಗೂ ಗೊತ್ತಾಗುತ್ತೆ, ಒಪ್ಪುತ್ತಾ ಅಂತ ಕೇಳಿದವಳಿಗೆ ಮಗಳು ನೋಡದೆಯೇ ಒಪ್ಪುತ್ತೆ ಅಂದಿದ್ದಳು ಅಂತ. ಅಮ್ಮನದು ಮೂವತ್ತೊಂದು ವರ್ಷ ನೀಲಿ ಸಮವಸ್ತ್ರ. ಬೀರು ತೆಗೆದರೆ ನೀಲಿ, ಹಗ್ಗದ ಮೇಲೆ ನೀಲಿ, ಹೊದಿಕೆ ಕೂಡ ನೀಲಿ. ಇನ್ನೇನು ಕೊಂಡಿರುತ್ತಾಳೆ?

"ನೀಲಿ," ಅಂದಳು ಪುಟ್ಟಿ. "ನೀಲಿ ಕೋಟು."

"ಖಚಿತ ತಾನೇ?"

"ಹೂಂ ಸಾರ್."

ಕ್ಯಾಪ್ಟನ್ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ನೀಲಿ, ನೀಲಿ, ನೀಲಿ ಅಂತ ಒಬ್ಬರಿಂದ ಒಬ್ಬರಿಗೆ ಮಾತು ದಾಟಿತು. ಫೋನು ಕಟ್ಟಾಯಿತು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

ಸ್ಟುಡಿಯೋ ಯಜಮಾನರು ಒಳಗಿಂದ ಬಂದು "ಏನಮ್ಮಾ, ಮುಖ ಯಾಕೆ ಹಾಗೆ?" ಅಂದರು. ಅಮ್ಮ ಕಾಣೆಯಾದದ್ದನ್ನು ಹೇಳಿದಳು. ಬಣ್ಣದ ವಿಷಯ ಹೇಳಲಿಲ್ಲ. ಅವರು ಬಾಗಿಲಿಗೆ 'ಮುಚ್ಚಿದೆ' ಹಲಗೆ ತಗುಲಿಸಿ, ನೀರು ತಂದಿಟ್ಟು, ಎದುರಿಗೆ ಕೂತರು. ಒಳ್ಳೆ ಮನುಷ್ಯ, ಆದರೆ ಸುಮ್ಮನಿರಲು ಬಾರದು. ಸ್ವಲ್ಪ ಹೊತ್ತಿಗೆ ಪರದೆ ಕಡೆ ತಿರುಗಿ, "ಇದೇನಾ ಕೊನೇ ಫೋಟೋ? ಚೆನ್ನಾಗಿ ಬಂದಿದೆ ನೋಡು. ಆಕಾಶ ಎಷ್ಟು ಕಪ್ಪಗೆ, ಗಂಭೀರವಾಗಿದೆ," ಅಂದರು.

ಕೊನೇ ಫೋಟೋ ಅನ್ನುವ ಮಾತಿಗೆ ಪುಟ್ಟಿ ಮುಖ ಆಚೆ ತಿರುಗಿಸಿದಳು. ಅದರ ಹಿಂದೆಯೇ ಇನ್ನೊಂದು ಮಾತು ತಲೆಗೆ ಹೋಯಿತು. ಆಕಾಶ ಕಪ್ಪಗೆ.

ಯಾಕೆ ಕಪ್ಪಗೆ? ಅಜ್ಜಿಯನ್ನು ಕಟ್ಟಿದವಳು ಅವಳೇ. ಹಳೇ ಫೋಟೋಗಳಲ್ಲಿ ಮುಖ ಬೆಳ್ಳಗೆ ಹೊಳೆಯಬೇಕು ಅಂತ ಜನ ಕೇಳುತ್ತಾರೆ. ಅದಕ್ಕೆ ಬಣ್ಣ ತೆಗೆಯುವಾಗ ಕೆಂಪಿಗೆ ಹತ್ತಿರದ ಬಣ್ಣಗಳನ್ನೆಲ್ಲ ತಿಳಿ ಮಾಡಿ, ನೀಲಿಯನ್ನು ಪೂರ್ತಿ ತುಳಿದಿದ್ದಳು. ಅಜ್ಜಿಯ ಕೈಗೆ ಸಿಕ್ಕರೆ ನೀಲಿ ಅನ್ನುವುದು ಇದ್ದಿಲಾಗುತ್ತೆ. ನೀಲಿ ಆಕಾಶ ಕಪ್ಪು, ನೀಲಿ ಸಮುದ್ರ ಕಪ್ಪು.

ಅಮ್ಮನ ಕೋಟು ಕಪ್ಪಗಿರಲಿಲ್ಲ. ಅವಳ ಕೆನ್ನೆಯಷ್ಟೇ ತಿಳಿಯಾಗಿತ್ತು.

ಇಲ್ಲ, ಬಹಳ ತಿಳಿ ನೀಲಿ ಇರಬಹುದು. ಬಿಸಿಲು ಬಿದ್ದಿರಬಹುದು. ಎದ್ದು ಹೋಗಿ, ಮಕ್ಕಳ ಫೋಟೋ ತೆಗೆಯುವಾಗ ಆಟಕ್ಕೆ ಕೊಡುವ ಪ್ಲಾಸ್ಟಿಕ್ ಚೆಂಡುಗಳ ಬುಟ್ಟಿಯನ್ನು ಎಳೆದು ತಂದಳು. ಕೆಂಪು, ಕಿತ್ತಳೆ, ಹಳದಿ, ಹಸಿರು, ಕಡು ನೀಲಿ, ತಿಳಿ ನೀಲಿ, ಬಿಳಿ. ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟಳು. ಅವು ಉರುಳುತ್ತಿದ್ದವು, ಹಿಡಿದು ಹಿಡಿದು ಮತ್ತೆ ಇಟ್ಟಳು. ಪಕ್ಕದಲ್ಲಿ ತನ್ನ ಅಂಗೈಯಿಟ್ಟು ಫೋಟೋ ತೆಗೆದು ಅಜ್ಜಿಯನ್ನು ಒತ್ತಿದಳು.

ಕಡು ನೀಲಿ ಇದ್ದಿಲು. ತಿಳಿ ನೀಲಿಯೂ ಕೈಗಿಂತ ಎಷ್ಟೋ ಕಪ್ಪು. ಹಸಿರು ಮಣ್ಣಿನಂತೆ. ಹಳದಿ ಹೆಚ್ಚುಕಡಿಮೆ ಬಿಳಿ. ಕೆಂಪು ಕೈಗಿಂತ ಒಂದು ಮಟ್ಟ ಕೆಳಗೆ. ಕಿತ್ತಳೆ ಮಾತ್ರ ಅಂಗೈಯೋ ಚೆಂಡೋ ಅಂತ ಗೊತ್ತಾಗದ ಹಾಗೆ ಬೆರೆತುಹೋಗಿತ್ತು. ಅಮ್ಮನ ಕೆನ್ನೆ ಮತ್ತು ಅಮ್ಮನ ಕೋಟಿನ ಹಾಗೆ.

ನಾಲ್ಕೂ ಇಪ್ಪತ್ತು. ಅರ್ಧ ಗಂಟೆಯಿಂದ ಅಷ್ಟೂ ಜನ ಇಲ್ಲದ ನೀಲಿಯನ್ನು ಹುಡುಕುತ್ತಿದ್ದರು.

ಈಗ ತಕ್ಷಣ ಫೋನು ಮಾಡಿದಳು ಅಂತ ಬರೆಯಲು ನನಗೂ ಆಸೆ. ಮಾಡಲಿಲ್ಲ. ಫೋನು ಕೈಯಲ್ಲಿತ್ತು, ಅಣ್ಣನ ಹೆಸರು ಪರದೆಯ ಮೇಲಿತ್ತು, ಬೆರಳು ಇಳಿಯಲಿಲ್ಲ. ಇಷ್ಟರಲ್ಲಿ ಸಿಕ್ಕಿರಬಹುದು, ಸುಮ್ಮನೆ ಯಾಕೆ ಗೊಂದಲ ಮಾಡಬೇಕು ಅಂತ ಒಂದು ಮನಸ್ಸು. ಖಚಿತ ತಾನೇ ಅಂದದ್ದಕ್ಕೆ ಹೂಂ ಅಂದಿದ್ದೀಯಲ್ಲೇ, ಈಗ ಏನಂತ ಹೇಳ್ತೀಯ ಅಂತ ಇನ್ನೊಂದು. ಹೆದರಿಕೆಯಲ್ಲಿ ಎರಡು ಥರ. ಅಮ್ಮನಿಗೆ ಏನಾಗುತ್ತೋ ಅನ್ನುವುದು ಒಂದು, ನನ್ನ ಮರ್ಯಾದೆ ಏನಾಗುತ್ತೋ ಅನ್ನುವುದು ಇನ್ನೊಂದು. ಹಾಳಾದ್ದು, ಆ ಎರಡನೆಯದಕ್ಕೂ ಅಷ್ಟೇ ಬಲ ಇರುತ್ತೆ. ಹೀಗೆ ಐದು ನಿಮಿಷ ಹೋಯಿತು. ಬೆಟ್ಟದ ಮೇಲೆ ಐದು ನಿಮಿಷ.

"ಏನದು ಚೆಂಡಿನ ಆಟ?" ಅಂದರು ಯಜಮಾನರು.

ಪುಟ್ಟಿ ಬಡಬಡ ಅಂತ ಎಲ್ಲ ಹೇಳಿಬಿಟ್ಟಳು. ಅವರು ಬೈಯಲಿಲ್ಲ. "ಮಾಡು ತಾಯೀ, ಮೊದಲು ಫೋನು ಮಾಡು," ಅಂದರು.

ಈಗ ಫೋನು ಹೋಗಲೊಲ್ಲದು. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.' ಮತ್ತೆ ಮಾಡಿದಳು. ಮತ್ತೆ ಅದೇ ಹೆಂಗಸು, ಅದೇ ಬೇಸರವಿಲ್ಲದ ದನಿ. "ಕೋಟು ನೀಲಿ ಅಲ್ಲ, ಕಿತ್ತಳೆ" ಅಂತ ಸಂದೇಶ ಕಳಿಸಿದಳು. ಒಂದೇ ಗೀಟು ಬಿತ್ತು. ಎರಡನೆಯ ಗೀಟು ಬೀಳಲಿಲ್ಲ. ಹೋಟೆಲಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ಟೀಚರಮ್ಮನಿಗೆ ಮಾಡಿದಳು. ಅವರು ಎತ್ತಿ, "ಅಯ್ಯೋ ಮಗೂ, ನಾನು ಮಲಗಿಬಿಟ್ನಲ್ಲಾ," ಅಂತ ಅಳುತ್ತಾ ಕೂತರು.

"ಆಂಟಿ, ಆಮೇಲೆ ಅಳಿ. ಅಲ್ಲಿ ಯಾರಾದ್ರೂ ಇದಾರಾ? ಯಾರನ್ನಾದ್ರೂ ಓಡಿಸಿ. ಕಿತ್ತಳೆ ಅನ್ನಿ. ನೀಲಿ ಅಲ್ಲ, ಕಿತ್ತಳೆ ಅಂತ ಹೇಳಿ ಕಳಿಸಿ."

"ನೀಲಿ ಅಂತಲ್ವಾ ಎಲ್ಲ ಹೇಳ್ತಿದ್ರು?"

"ನಾನೇ ತಪ್ಪು ಹೇಳಿದ್ದು ಆಂಟಿ. ಕೈ ಮುಗೀತೀನಿ, ಓಡಿಸಿ."

ಅದಾದ ಮೇಲೆ ಕಾಯುವುದೊಂದೇ ಉಳಿದದ್ದು. ಕಿಟಕಿಯ ಆಚೆ ಬೀದಿಯಲ್ಲಿ ಬಿಸಿಲು ಎದುರು ಅಂಗಡಿಯ ಬಾಗಿಲಿನಿಂದ ಬೋರ್ಡಿಗೆ ಏರಿತ್ತು, ಬೋರ್ಡಿನಿಂದ ತಾರಸಿಗೆ ಏರುತ್ತಿತ್ತು. ಜನ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದರು. ಪುಟ್ಟಿ ಅಲ್ಲಿಂದ ಕಣ್ಣು ಕೀಳಲಿಲ್ಲ. ಆ ಬಿಸಿಲು ತಾರಸಿ ದಾಟಿದರೆ ಮುಗಿಯಿತು ಅನ್ನಿಸುತ್ತಿತ್ತು.

ಐದೂ ಹತ್ತಕ್ಕೆ ಕ್ಯಾಪ್ಟನ್ನೇ ಫೋನು ಮಾಡಿದರು. ಈ ಸಲ ದನಿಯಲ್ಲಿ ಸಮಾಧಾನ ಇರಲಿಲ್ಲ. "ಏನ್ ಮೇಡಂ ಇದು? ಹೋಟೆಲಿಂದ ಯಾರೋ ಓಡಿ ಬಂದು ಕಿತ್ತಳೆ ಅಂತಿದಾರೆ. ಯಾವುದು ಸರಿ?"

"ಕಿತ್ತಳೆ ಸಾರ್. ನೀಲಿ ಅಂದದ್ದು ಊಹೆ. ನಾನು ಫೋಟೋ ನೋಡಿರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ಹೆದರಿಕೆ ಆಯ್ತು."

ಆ ಕಡೆ ಹಿಂದಿನಿಂದ ಯಾರೋ, "ಸಾರ್, ಹಳ್ಳದ ಪಕ್ಕ ನೋಡಿದ್ವಲ್ಲ, ಟಾರ್ಪಾಲು ಅಂದ್ಕೊಂಡು..." ಅಂದದ್ದು ಕೇಳಿಸಿತು. "ಅದು ಕಿತ್ತಳೆ ಇತ್ತು ಸಾರ್."

"ಎಷ್ಟು ಹೊತ್ತಾಯ್ತು ನೋಡಿ?"

"ಮೊದಲನೇ ಬ್ಯಾಟರಿಲೇ ಸಾರ್. ನಾಲ್ಕೂ ಐದು ಇರಬಹುದು."

ಫೋನು ಕಟ್ಟಾಯಿತು.

ಮುಂದಿನ ಒಂದು ಗಂಟೆ ಹೇಗೆ ಕಳೆಯಿತು ಅಂತ ಅವಳನ್ನು ಕೇಳಬೇಡಿ, ಅವಳಿಗೇ ನೆನಪಿಲ್ಲ. ನಾಲ್ಕೂ ಐದು, ನಾಲ್ಕೂ ಐದು ಅಂತ ಬಾಯಲ್ಲಿ ಜಪ. ನಾಲ್ಕೂ ಐದಕ್ಕೆ ಇದ್ದವಳು ಐದಕ್ಕೂ ಇರಬೇಕಲ್ಲ, ಆರಕ್ಕೂ ಇರಬೇಕಲ್ಲ. ಯಜಮಾನರು ಏನೋ ಧೈರ್ಯ ಹೇಳುತ್ತಿದ್ದರು. ಅವರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ಎದುರು ತಾರಸಿಯ ಬಿಸಿಲು ಹೋಗಿ ಬೀದಿದೀಪಗಳು ಹತ್ತಿಕೊಂಡವು.

ಆರೂ ಇಪ್ಪತ್ತೈದಕ್ಕೆ ಅಣ್ಣನ ಹೆಸರು ಪರದೆಯ ಮೇಲೆ ಬಂತು. ಪುಟ್ಟಿಗೆ ಎತ್ತಲಾಗಲಿಲ್ಲ. ಯಜಮಾನರೇ ಎತ್ತಿ ಅವಳ ಕಿವಿಗೆ ಹಿಡಿದರು.

"ಸಿಕ್ಕಿದಾಳೆ," ಅಂದ ಅಣ್ಣ. "ಉಸಿರಾಡ್ತಿದಾಳೆ. ಕಾಲು ಮುರಿದಿದೆ, ಮೈಯೆಲ್ಲ ಕೊರಡಾಗಿತ್ತು. ಕಂಬಳಿ ಸುತ್ತಿ ಬಿಸಿನೀರು ಕುಡಿಸಿದಾರೆ. ಈಗ ಮಾತಾಡ್ತಿದಾಳೆ." ಒಂದು ಕ್ಷಣ ಬಿಟ್ಟು, "ನಿನ್ನ ಹತ್ರ ನಾನು ಆಮೇಲೆ ಮಾತಾಡ್ತೀನಿ," ಅಂದ. ಆ ಮಾತಿನಲ್ಲಿ ಏನಿತ್ತು ಅಂತ ಪುಟ್ಟಿಗೆ ಅರ್ಥವಾಯಿತು. ಸದ್ಯಕ್ಕೆ ಅದು ಅವಳಿಗೆ ನಾಟಲೇ ಇಲ್ಲ. ಗೊಳೋ ಅಂತ ಅತ್ತುಬಿಟ್ಟಳು.

"ಪುಟ್ಟೀ," ಅಂದಳು ಅಮ್ಮ, ಅಣ್ಣ ಹಿಡಿದುಕೊಟ್ಟ ಫೋನಿನಲ್ಲಿ. ದನಿ ಎಲ್ಲೋ ಬಾವಿಯ ತಳದಿಂದ ಬಂದ ಹಾಗಿತ್ತು. "ಅಳಬೇಡ ಕಣೇ. ಬದುಕಿದೀನಿ."

"ಅಮ್ಮಾ..."

"ಒಂದು ಮಾತು ಕೇಳ್ಬೇಕಿತ್ತು ನಿನ್ನ. ನಿಂಗೆ ಈ ಮೆಷಿನ್ನುಗಳದೆಲ್ಲ ಗೊತ್ತಿರುತ್ತಲ್ಲ. ನಾನು ಬಿದ್ದಿದ್ದಾಗ ತಲೆ ಮೇಲೆ ಒಂದು ಹಾರೋ ಮೆಷಿನ್ ಬಂತು. ಗುಯ್ ಅಂತ. ನೆತ್ತಿ ಮೇಲೇ ನಿಂತ್ಕೊಳ್ತು. ಮಧ್ಯೆ ಕೊಂಬೆ ಇತ್ತು, ಆದ್ರೂ ಕೈ ಬೀಸಿದೆ, ಕೂಗಿದೆ. ಸ್ವಲ್ಪ ಹೊತ್ತು ನೋಡಿ ಹಾಗೇ ಹೊರಟೋಯ್ತು. ನೋಡಿಯೂ ಯಾಕೆ ಹೋಯ್ತು?"

ಮಂಜಿತ್ತಲ್ಲಮ್ಮಾ, ಕಂಡಿರಲ್ಲ. ಉತ್ತರ ನಾಲಿಗೆ ತುದಿಯಲ್ಲೇ ಸಿದ್ಧವಾಗಿತ್ತು. ಅಮ್ಮ ನಂಬುತ್ತಿದ್ದಳು, ಅಣ್ಣನೂ ಇಂಥ ಹೊತ್ತಲ್ಲಿ ಸುಮ್ಮನಿರುತ್ತಿದ್ದ. ಪುಟ್ಟಿ ಆ ಉತ್ತರವನ್ನು ನುಂಗಿಕೊಂಡಳು.

"ನಾನು ನೀಲಿ ಅಂತ ಹೇಳಿದ್ದೆ ಅಮ್ಮಾ. ಅವರು ನೀಲಿ ಹುಡುಕ್ತಿದ್ರು. ಅದಕ್ಕೇ ನಿನ್ನನ್ನ ನೋಡಿಯೂ ಬಿಟ್ಟು ಹೋದ್ರು."

ಆ ಕಡೆಯಿಂದ ಗಾಡಿಯ ಇಂಜಿನ್ ಸದ್ದು, ಯಾರೋ ಸ್ಟ್ರೆಚರ್ ಹಿಡಿಯಿರಿ ಅನ್ನುವುದು, ಅಮ್ಮನ ಉಸಿರು.

"ಓ," ಅಂದಳು ಅಮ್ಮ. "ನಾನು ಸತ್ತೋಗಿದೀನಿ ಅಂತ ಅವರಿಗೆ ಮೇಲಿಂದ ಗೊತ್ತಾಗಿರ್ಬೇಕು ಅಂದ್ಕೊಂಡೆ. ಹಾಗಾಗಿ ಆಮೇಲೆ ಕೂಗೋದು ಬಿಟ್ಟೆ."

ಪುಟ್ಟಿ ಯಜಮಾನರ ಕೈಯಿಂದ ಫೋನು ತೆಗೆದು ತಾನೇ ಹಿಡಿದುಕೊಂಡಳು. ಅಮ್ಮ ಫೋನು ಇಡದೆ ಕಾಯುತ್ತಿದ್ದಳು.